ಬಿಳಿಯ ದಾಳ ಮೊದಲು

ತಪ್ಪು ನನ್ನದೇ.
ಅಬಾನೋ ಘಾಟಿ ಹಿಮಕ್ಕೆ ಮುಚ್ಚಲು ಒಂಬತ್ತು ದಿನವಿತ್ತು,
ಕುದುರೆಯ ಬೆನ್ನ ಮೇಲೆ ಇನ್ನೂ ಮೂರು ಪೆಟ್ಟಿಗೆ,
ಬೆರಳುಗಳು ನನ್ನವೆಂಬುದೇ ಮರೆತಿತ್ತು.
ಶೆನಾಕೋದ ಗೋಪುರಕ್ಕೆಂದು ಸಿದ್ಧಪಡಿಸಿದ ಉಗುರಗಲದ ಕಾರ್ಡನ್ನು
ಇದ್ದದ್ದು ಇದ್ದ ಹಾಗೆ ನಕಲು ಮಾಡಿ
ದಿಕ್ಲೋದ ಪೆಟ್ಟಿಗೆಗೂ ತುರುಕಿದೆ.
ಯಾರಿಗೆ ಗೊತ್ತಾಗುತ್ತದೆ, ಅಂದುಕೊಂಡೆ.

ಈ ಬೆಟ್ಟಗಳಲ್ಲಿ ಹೆಸರು ಕೊಡುವ ಕಚೇರಿ ಇಲ್ಲ.
ಕಲ್ಲಿನ ಹಳೆಯ ಕಾವಲು ಗೋಪುರಗಳ ನೆತ್ತಿಯಲ್ಲಿ
ಒಂದೊಂದು ಪೆಟ್ಟಿಗೆ ತಾನೇ ಒಂದು ಗುಟ್ಟು ಹಡೆಯುತ್ತದೆ.
ಗುಟ್ಟಿನಿಂದ ಬಯಲ ಕೀಲಿ,
ಆ ಕೀಲಿಯನ್ನು ಬೀಸಿ ಜರಡಿ ಹಿಡಿದರೆ ಹೆಸರು:
ಅರವತ್ತನಾಲ್ಕು ಅಕ್ಷರ, ಅರ್ಥ ಒಂದಕ್ಕೂ ಇಲ್ಲ.
ಹಿಂದಕ್ಕೆ ಹೋಗಲು ದಾರಿಯಿಲ್ಲ,
ಹಿಟ್ಟು ಹಿಡಿದು ಗೋಧಿ ಮಾಡಿದವರುಂಟೇ?
ಪಕ್ಕದ ಗೋಪುರ ಕೇಳುತ್ತದೆ, ನೀನು ನೀನೇ ಎನ್ನಲು ಏನು ಸಾಕ್ಷಿ?
ಆಗೊಂದು ರುಜು.
ಗುಟ್ಟು ಹೊಸಿಲು ದಾಟುವುದಿಲ್ಲ, ರುಜು ಮಾತ್ರ ದಾಟುತ್ತದೆ.

ಈಗ ಎರಡು ಗೋಪುರ ಒಂದೇ ರುಜು ಹಾಕುತ್ತಿದ್ದವು.
ಎರಡರಲ್ಲೂ ಸುಳ್ಳಿರಲಿಲ್ಲ. ಅದೇ ಕಷ್ಟ.

ಮೇಲಿನ ಹುಲ್ಲುಗಾವಲಿಂದ ಅಂಜೋರ್
ಸಂಜೆ ಬರೆದ: ಹೇಸರಗತ್ತೆ ಕಮರಿಗೆ ಜಾರಿದೆ, ಹಗ್ಗ ಬೇಕು.
ಶೆನಾಕೋಗೆಂದು ಹೊರಟ ಮಾತು ದಿಕ್ಲೋದಲ್ಲಿ ಇಳಿಯಿತು.
ಅಲ್ಲಿ ಎಲ್ಲರೂ ಬೀಗ ಹಾಕಿ ಬಯಲಿಗಿಳಿದು ವಾರವಾಗಿತ್ತು,
ಓದಲು ಉಳಿದದ್ದು ಒಂದು ನಾಯಿ.
ಹಗ್ಗ ಬೆಳಿಗ್ಗೆ ಹೋಯಿತು.
ಹೇಸರಗತ್ತೆ ಬೆಳಗಿನವರೆಗೆ ಕಾಯಲಿಲ್ಲ.

ಅಂಜೋರ್ ಇಳಿದು ಬಂದ. ಕೂಗಾಡಲಿಲ್ಲ.
ಒಂದು ಕುರಿಯ ಕಿವಿ ಹಿಡಿದು ತೋರಿಸಿದ:
ಎರಡು ಕಚ್ಚು, ನಡುವೆ ಒಂದು ತೂತು.
“ಪಕ್ಕದವನೂ ಇದೇ ಗುರುತು ಹಾಕಿದರೆ
ಅವನನ್ನು ಏನೆಂದು ಕರೆಯುತ್ತೀ?”
ಕಳ್ಳ, ಅಂದೆ.
“ನಾನು ಸೋಮಾರಿ ಅನ್ನುತ್ತೇನೆ” ಅಂದು
ಕುರಿಯನ್ನು ಬಿಟ್ಟ.

ಆ ರಾತ್ರಿ ಲಾಮ್ಜಿರಾಳ ಅಡುಗೆಮನೆಯಲ್ಲಿ
ದಿಕ್ಲೋಗೆ ಹೊಸ ಹುಟ್ಟು.
ಈಗಷ್ಟೇ ಎದ್ದ ಯಂತ್ರದ ತಲೆಯಲ್ಲಿ ಏನಿರುತ್ತದೆ?
ಗಡಿಯಾರ, ಒಂದಿಷ್ಟು ಚಳಿ.
ಅದರ ಆಕಸ್ಮಿಕವನ್ನು ನಾನು ನಂಬಲಿಲ್ಲ,
ಅಂದು ನನ್ನನ್ನೂ.
ಲಾಮ್ಜಿರಾ ಮಾವನ ನಾರ್ದಿ ಹಲಗೆ ತೆಗೆದಳು.
ಒಂದು ದಾಳ ಬಿಳಿ, ಅಂಗಡಿಯದು;
ಇನ್ನೊಂದು ಕಳೆದುಹೋಗಿ, ಮಾವ ಎಲುಬಿನಲ್ಲಿ ಕೆತ್ತಿದ್ದು.
“ಎಲುಬಿನದು ಮೂರರ ಕಡೆ ವಾಲುತ್ತದೆ” ಅಂದಳು,
“ಹಾಗಾಗಿಯೇ ಮಾವ ಯಾವತ್ತೂ ಗೆಲ್ಲುತ್ತಿದ್ದರು.”
ಐವತ್ತು ಎಸೆತ ಸಾಕಿತ್ತು, ಮೋಸದ ದಾಳಕ್ಕೆಂದು ಅರವತ್ತು ಮಾಡಿದೆವು.
ಬಿಳಿಯದು ಮೊದಲು, ಎಲುಬಿನದು ಆಮೇಲೆ,
ಈ ಸಾಲು ತಪ್ಪಬಾರದು.
ಅವಳು ಎಸೆದಳು, ನಾನು ಬರೆದೆ.
ಎಸೆತದ ನಡುವೆ ಒಮ್ಮೆ ಹಾಲು ಉಕ್ಕಿತು,
ಇಪ್ಪತ್ತಾರೋ ಇಪ್ಪತ್ತೇಳೋ ಎಂದು ಜಗಳವಾಡಿ
ಹಾಳೆ ಹರಿದು ಮತ್ತೆ ಮೊದಲಿನಿಂದ ಶುರುಮಾಡಿದೆವು.

ಅಂಕಿಗಳನ್ನು ಪೆಟ್ಟಿಗೆಗೆ ಉಣಿಸಿ
ಹಾಳೆಯನ್ನು ಒಲೆಗೆ ಹಾಕಿದೆ.
ನಕಲು ಕಾರ್ಡನ್ನೂ ಬಿಡಲಿಲ್ಲ:
ಅಳಿಸಿದರೆ ಅಳಿಯಿತೆಂದು ಅರ್ಥವಲ್ಲ,
ಲಾಳದ ಸುತ್ತಿಗೆಯಿಂದ ಜಜ್ಜಿದೆ.

ಮರುದಿನ ದಿಕ್ಲೋದ ನೆತ್ತಿಯಲ್ಲಿ ಹಸಿರು ದೀಪ ಮಿನುಗಿದಾಗ
ಒಮಾಲೋ ಕೇಳಿತು: ಯಾರು ನೀನು?
ಇಪ್ಪತ್ತು ವರ್ಷದ ನೆರೆಯಂತೆ ನಿಂತ ಗೋಪುರವನ್ನು
ಯಾವ ದಾಕ್ಷಿಣ್ಯವೂ ಇಲ್ಲದೆ ಕೇಳಿತು.
ರುಜು ಹೋಯಿತು. ಒಪ್ಪಿಗೆ ಬಂತು.

ಜೀನು ಬಿಗಿಯುತ್ತಿದ್ದಾಗ ಲಾಮ್ಜಿರಾ ಬಾಗಿಲಿಗೆ ಬಂದಳು.
“ಕೊನೆಯ ಎಸೆತ ಆರು, ಐದು. ನನಗೆ ನೆನಪಿದೆ.”
ಮರೆತುಬಿಡು, ಅಂದೆ.
“ಒಂದೇ ಒಂದು” ಅಂದಳು.
ಘಾಟಿ ಹತ್ತುವಷ್ಟೂ ಹೊತ್ತು ಮನಸ್ಸಿನಲ್ಲೇ ಕೂಡಿಸಿ ಕಳೆದೆ.
ಅರವತ್ತರಲ್ಲಿ ಒಂದು ಅವಳ ಬಳಿ ಇದ್ದರೆ
ಕಣಿವೆಗೆ ಏನೂ ಆಗದು.
ಇರಲಿ.