ಬಿಂದುವಿನಾಚೆ ಮೂರನೇ ಮನೆ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳಿಗ್ಗೆ ತೂಕ ಬರೆಯುತ್ತೇನೆ,
ಭಾನುವಾರ ಸಂಜೆ ವಾಲಿಬಾಲ್ ಲೀಗಿನ ಸ್ಕೋರು.
ಎರಡಕ್ಕೂ ಒಂದೇ ಪೆನ್ನು.
ಎರಡು ಕಡೆಯೂ ಮುಖದ ಮೇಲೆ ಏನೂ ಬರೆದುಕೊಳ್ಳುವಂತಿಲ್ಲ.

ಜುಲೈನಲ್ಲಿ ಎಂಟು ತಂಡ.
ಅಕ್ಟೋಬರಿನ ಈ ಕೊನೆಯ ಭಾನುವಾರ
ಮೇಲೂರು ಆಗಲೇ ಒಳಗೆ, ಜಂಗಮಕೋಟೆ ಒಳಗೆ, ಚೀಮಂಗಲ ಒಳಗೆ.
ದಿಬ್ಬೂರಹಳ್ಳಿಯವರು ಎರಡು ವಾರದ ಹಿಂದೆಯೇ
ಚೆಂಡಿನ ಗಾಳಿ ತೆಗೆದು ಚೀಲಕ್ಕೆ ಹಾಕಿಕೊಂಡು ಹೋದರು.
ಉಳಿದದ್ದು ಒಂದೇ ಜಾಗ, ಅದಕ್ಕೆ ಎರಡು ತಲೆ:
ಅತ್ತ ಚಿಂತಾಮಣಿಯಲ್ಲಿ ಆಡುತ್ತಿರುವ ಮಳ್ಳೂರು,
ಇತ್ತ ನನ್ನೆದುರಿಗೆ ನಮ್ಮ ಬೀದಿಯ ಫಿಲೇಚರ್ ಹುಡುಗರು.

ನಮ್ಮ ಎಂದೆನೇ?
ಹೊಡೆದುಹಾಕಿ. ಸ್ಕೋರು ಬರೆಯುವವನಿಗೆ ಬೀದಿ ಇಲ್ಲ.

ಹುಡುಗರು ಅನ್ನುವುದೂ ಬಾಯಿಮಾತಿಗೆ. ಲಿಫ್ಟರ್ ಇಮ್ದಾದ್
ನಲವತ್ತು ದಾಟಿದವನು.
ಇಪ್ಪತ್ತೈದು ವರ್ಷ ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳು;
ಮುಟ್ಟಿದ್ದು ಚೆಂಡಿಗೇ ಗೊತ್ತಾಗುವುದಿಲ್ಲ.
ಹೊಡೆಯುವವನು ಪಿಳ್ಳಪ್ಪನ ಮಗ ಮುನಿಚಂದ್ರ,
ಎಗರಿದರೆ ಇಳಿಯುವುದನ್ನು ಮರೆಯುತ್ತಾನೆ.
ಬೆಂಚಿನ ಮೇಲೆ ಗೌಸ್, ಮೊಣಕಾಲಿಗೆ ಪಟ್ಟಿ, ಕಿವಿಗೆ ಫೋನು,
ಫೋನಿನೊಳಗೆ ಚಿಂತಾಮಣಿ.

ಮೊದಲ ಸೆಟ್ ಬಂತು. ಎರಡನೆಯದು ಹೋಯಿತು.
ಮೂರನೆಯದಕ್ಕೆ ದೀಪ ಹಾಕಿದರು, ಹುಳ ಮುತ್ತಿದವು.
ಹದಿನಾಲ್ಕು ಹದಿಮೂರು.
ಇಮ್ದಾದ್ ತಿರುಗಿಯೂ ನೋಡದೆ ಬೆನ್ನ ಹಿಂದಕ್ಕೆ ಎತ್ತಿದ.
ಮುನಿಚಂದ್ರನ ಏಟು ರೇಷ್ಮೆ ಗೋದಾಮಿನ ಗೋಡೆಗೆ ಬಡಿದು
ಸದ್ದು ವಾಪಸು ಬರುವಷ್ಟರಲ್ಲಿ
ನಾನು ಗೀಟು ಎಳೆದಾಗಿತ್ತು.

ಆಗ ಗೌಸ್ ಫೋನು ಇಳಿಸಿದ.
ಮಳ್ಳೂರೂ ಗೆದ್ದರಂತೆ. ಎರಡು ಒಂದು.

"ಅಯಿಪೋಯಿಂದಾ?" ಅಂತ ಯಾರೋ ತೆಲುಗಿನಲ್ಲಿ ಕೇಳಿದರು.
ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಕೂತಿದ್ದ ನನ್ನ ಕಡೆ
ಇಡೀ ಮೈದಾನ ತಿರುಗಿತು.

ಗೆಲುವು ನಾಲ್ಕು, ನಾಲ್ಕು. ಸೆಟ್ಟು ಸಮ.
ಇನ್ನು ಗಳಿಸಿದ್ದನ್ನು ಕೊಟ್ಟದ್ದರಿಂದ ಭಾಗಿಸಬೇಕು.
ಇವರದು ನಾನೂರ ಹನ್ನೆರಡು, ಮುನ್ನೂರ ತೊಂಬತ್ತೇಳು.
ಅವರದು ನಾನೂರ ಐದು, ಮುನ್ನೂರ ತೊಂಬತ್ತು.
ಬಿಂದುವಿನಾಚೆ ಮೊದಲ ಮನೆಯಲ್ಲಿ ಇಬ್ಬರಿಗೂ ಸೊನ್ನೆ,
ಎರಡನೇ ಮನೆಯಲ್ಲಿ ಇಬ್ಬರಿಗೂ ಮೂರು.
ಮೂರನೇ ಮನೆಯ ಬಾಗಿಲಲ್ಲಿ
ಅವರು ಎಂಟು, ಇವರು ಏಳು.

ಎರಡು ಸಲ ಮಾಡಿದೆ. ಮೂರನೇ ಸಲ ಇಮ್ದಾದ್ ಬೇಡವೆಂದ.

ಮನೆಯಲ್ಲಿ ಪುಸ್ತಕ ಹಿಂದಕ್ಕೆ ತಿರುವಿದೆ.
ಜುಲೈ, ಎರಡನೇ ಪಂದ್ಯ, ಸೋತ ಸೆಟ್ಟು, ಇಪ್ಪತ್ತೈದು ಹದಿನೆಂಟು.
ಅವತ್ತು ಜಡಿ ಹನಿ, ಮೇಜಿನ ಮೇಲೆ ಟಾರ್ಪಾಲು,
ಸೋತಾಗಿದ್ದ ಸೆಟ್ಟಿನ ಲೆಕ್ಕ ಯಾರಿಗೆ ಬೇಕಿತ್ತು?
ಹದಿನೆಂಟನೆಯ ಗೀಟಿನ ಪಕ್ಕ ಏನೋ ಇದೆ.
ಬೆಳಕಿಗೆ ಹಿಡಿದರೆ ಗೀಟು,
ಓರೆ ಮಾಡಿದರೆ ನೀರಿನ ಕಲೆ.
ಅದೊಂದು ಗೀಟಾಗಿದ್ದರೆ ಮೂರನೇ ಮನೆಯವರೆಗೆ ಬರಬೇಕಿರಲಿಲ್ಲ,
ಎರಡರಲ್ಲೇ ತೀರುತ್ತಿತ್ತು.

ಹೇಳದೆ ಇರಲಾಗಲಿಲ್ಲ.
ನೆಟ್ ಸುತ್ತುತ್ತಿದ್ದ ಇಮ್ದಾದ್ ಪುಟ ನೋಡಲಿಲ್ಲ.
"ಅದೇ ಪಂದ್ಯದಲ್ಲಿ ನಾನು ಮೂರು ಸರ್ವಿಸ್ ನೆಟ್ಟಿಗೆ ಹೊಡೆದೆ,
ಅದು ಸರಿಯಾಗಿ ಬರೆದಿದೀಯಲ್ಲ?"
ಬರೆದಿದ್ದೆ. ಮೂರೂ ಸ್ಪಷ್ಟ.
"ಹಂಗಾದ್ರೆ ಬಿಡು. ಆ ತುದಿ ಹಿಡ್ಕೋ."

ಹಿಡಿದುಕೊಂಡೆ. ಕಂಬ ಕಿತ್ತ ಎರಡು ಗುಣಿ,
ಸುಣ್ಣದ ಗೆರೆ ಅರ್ಧ ಅಳಿಸಿ, ಅರ್ಧ ಹಾಗೇ.

ಸೋಮವಾರ ಹರಾಜಿನಲ್ಲಿ ಒಂದು ಲಾಟು ಅವನಿಗೇ ಬಿತ್ತು.
ತಕ್ಕಡಿ ನಡುಗಿ, ನಡುಗಿ, ನಿಂತಿತು.
ಮೂವತ್ತೊಂದು ಕೆಜಿ ನಾನೂರು ಗ್ರಾಂ, ಬರೆದೆ.
ಅವನು ಭುಜದ ಮೇಲಿಂದ ಬಗ್ಗಿ ನೋಡಿದ.
ನಾಲ್ಕು ತಿಂಗಳಲ್ಲಿ ಒಂದು ಸಲವೂ ಹಾಗೆ ನೋಡಿರಲಿಲ್ಲ.
ನೋಡಿ, ನನ್ನ ಕಿವಿಯ ಹತ್ತಿರವೇ
ಜೋರಾಗಿ ನಕ್ಕ.