ಎರಡನೇ ಮತಗಟ್ಟೆ ಅಧಿಕಾರಿಯ ನೋಟ್‌ಬುಕ್

ರಿಪ್ಪನ್‌ಪೇಟೆಯ ಹೈಸ್ಕೂಲಿನಲ್ಲಿ
ಹದಿನಾರು ವರ್ಷ ಪೌರನೀತಿ ಹೇಳಿಕೊಟ್ಟೆ.
ಈಗ ನನಗೇ ಪಾಠ.

ಹಾಲೇಶನದು ಡೈರಿಯಲ್ಲಿ
ಹಾಲು ತಣಿಸುವ ಯಂತ್ರದ ರಿಪೇರಿ.
ಅದೇ ಕೆಲಸಕ್ಕೆ ನ್ಯೂಜಿಲೆಂಡಿನಿಂದ ಕಾಗದ ಬಂದಿದೆ.
ಅವನು ನಟ್ಟು ಬೋಲ್ಟುಗಳ ಇಂಗ್ಲಿಷ್ ಕಲಿಯುತ್ತಾನೆ,
ನಾನು, ಚಪಾತಿ ಹಿಟ್ಟು ನೆನೆಯುವಷ್ಟು ಹೊತ್ತು,
ಆ ದೇಶವನ್ನು ಆಳುವವರು ಯಾರೆಂದು.

ರಾಜ ಇದ್ದಾನೆ. ಆದರೆ ಅಲ್ಲಿಲ್ಲ.
ಸಮುದ್ರದಾಚೆ ಕೂತು
ರುಜು ಹಾಕಲು ಒಬ್ಬರನ್ನು ಇಟ್ಟಿದ್ದಾನೆ.
ಇದು ಬೇಗ ತಲೆಗೆ ಹೋಯಿತು.
ನಮ್ಮ ಪೇಟೆಗೂ ದೊರೆಯೊಬ್ಬನ ಹೆಸರೇ ಅಂತಾರೆ.
ಅವನು ಇಲ್ಲಿ ಒಂದು ಲೋಟ ನೀರಾದರೂ ಕುಡಿದನೋ, ಯಾರು ಕಂಡರು,
ಬಸ್ಸಿನ ಬೋರ್ಡಿನಲ್ಲಿ ಮಾತ್ರ
ದಿನಾ ಶಿವಮೊಗ್ಗಕ್ಕೆ ಹೋಗಿ ಬರುತ್ತಾನೆ.

ಮೇಲ್ಮನೆ ಇಲ್ಲ. ಹಿಂದೆ ಇತ್ತಂತೆ,
ತನ್ನನ್ನು ಮುಚ್ಚಲು ತಾನೇ ಮತ ಹಾಕಿ ಎದ್ದುಹೋಯಿತಂತೆ.
ತಾನಾಗಿ ಎದ್ದ ಕುರ್ಚಿ!
ಅಡಿಗೆರೆ ಎಳೆದೆ, ಎರಡು ಸಲ.

ಒಬ್ಬರಿಗೆ ಎರಡು ಮತ:
ಒಂದು ಪಕ್ಷಕ್ಕೆ, ಒಂದು ಊರಿನ ಮನುಷ್ಯನಿಗೆ.
ಅಮ್ಮನಿಗೆ ಫೋನು ಮಾಡಿದೆ.
ಕೆಂಚನಾಲದ ಹಾಲು ಸೊಸೈಟಿಗೆ ನಿಂತು
ಒಮ್ಮೆ ಸೋತವಳು, ಒಮ್ಮೆ ನಾಲ್ಕು ಮತದಲ್ಲಿ ಗೆದ್ದವಳು,
ರಾಜಕೀಯವನ್ನು ಫ್ಯಾಟಿನ ಅಳತೆಯಲ್ಲಿ ಕಲಿತವಳು.
"ಮನಸ್ಸಲ್ಲಿ ಇರೋದೇ ಎರಡು ಕಣೇ," ಅಂದಳು,
"ಇಲ್ಲಿ ಒಂದನ್ನ ನುಂಗ್ಕೊಂಡು ಗುಂಡಿ ಒತ್ತಿ ಬರ್ತೀವಿ."

ಬೆರಳಿಗೆ ಶಾಯಿ ಇಲ್ಲ ಅಲ್ಲಿ.
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.
ಐದು ಚುನಾವಣೆಗೆ ನಾನು ಎರಡನೇ ಅಧಿಕಾರಿ,
ಅಂದರೆ ಕಡ್ಡಿ ಮತ್ತು ಪುಟ್ಟ ಬಾಟ್ಲಿ.
ಗೇರಿನ ಸೊನೆ ತಾಗಿ ಸುಟ್ಟ ಬೆರಳು,
ನಿನ್ನೆಯ ಮೆಹಂದಿಯ ಬೆರಳು,
ಕೊಡಲು ನಾಚುವ ಬೆರಳು,
ತೋರುಬೆರಳೇ ಇಲ್ಲದ ಸಾಮಿಲ್ಲಿನ ದಸ್ತಗೀರ್ ಸಾಬರು
ಪಕ್ಕದ ಬೆರಳನ್ನು ತಾವೇ ಮುಂದೆ ಮಾಡಿ
"ಇದೂ ನಂದೇ ಮೇಡಂ" ಎಂದು ನಕ್ಕದ್ದು.
ಅಲ್ಲಿ ಹೆಸರು ಹೇಳಿದರೆ ಸಾಕಂತೆ,
ಕಿತ್ತಲೆ ಬಣ್ಣದ ಪೆನ್ನು ಕೊಟ್ಟು ಒಳಗೆ ಬಿಡುತ್ತಾರೆ.
ನಂಬುತ್ತಾರೆ.
ನಂಬುವ ಕೆಲಸಕ್ಕೆ ನನಗೆ ತರಬೇತಿ ಆಗಿಲ್ಲ.

ಆಮೇಲೆ ಒಪ್ಪಂದದ ಪಾಠ.
ಸಾವಿರದೆಂಟುನೂರ ನಲವತ್ತು. ಎರಡು ಭಾಷೆ, ಎರಡು ಹಾಳೆ.
ಇಂಗ್ಲಿಷಿನ ಹಾಳೆ ಹೇಳುತ್ತದೆ: ಒಡೆತನ ಕೊಟ್ಟಿರಿ.
ಮಾವೊರಿ ಹಾಳೆ: ಉಸ್ತುವಾರಿ ಮಾತ್ರ.
ಮುಖಂಡರಲ್ಲಿ ಬಹಳ ಮಂದಿ ರುಜು ಮಾಡಿದ್ದು ಎರಡನೆಯದಕ್ಕೆ,
ಕೆಲವರು ಮುಖದ ಹಚ್ಚೆಯ ಗೆರೆಯನ್ನೇ ಬರೆದರು.

ಪೆನ್ಸಿಲ್ ಇಲ್ಲಿ ನಿಂತಿತು.

ಶರಾವತಿಗೆ ಕಟ್ಟೆ ಕಟ್ಟುವಾಗ
ನಮ್ಮಜ್ಜ ಚೌಡಪ್ಪ ಹೆಬ್ಬೆಟ್ಟು ಒತ್ತಿದ ಕಾಗದಕ್ಕೂ
ಎರಡು ಭಾಷೆ.
ಸಾಹೇಬರು ಓದಿದ್ದು ಇಂಗ್ಲಿಷಿನಲ್ಲಿ,
ಜವಾನ ತಿಳಿಸಿದ್ದು ಕನ್ನಡದಲ್ಲಿ.
"ನೀರು ಬರುತ್ತೆ" ಅಂದನಂತೆ.
ಅಜ್ಜ, ಗದ್ದೆಗೆ ಅಂದುಕೊಂಡ.

ಅವನಿಗೆ ಸಿಕ್ಕ ಹೊಸ ಊರಿಗೆ
ಪಟ್ಟೆಯಿಲ್ಲ, ಪಾಠಪುಸ್ತಕವೂ ಇರಲಿಲ್ಲ.
ಮತದಾರರ ಪಟ್ಟಿ ಮಾತ್ರ ಅವನನ್ನು ಹುಡುಕಿಕೊಂಡು ಬಂತು.

ಹಾಲೇಶ ಬಾಗಿಲಲ್ಲಿ ನಿಂತು ಕೇಳಿದ,
"ಇದಕ್ಕೆ ಪರೀಕ್ಷೆ ಇದ್ಯಾ?"
ಇಲ್ಲ.
"ಮತ್ಯಾಕೆ ಇಷ್ಟು ಓದ್ತೀಯ?"

ಹಿಟ್ಟು ನೆನೆದಿತ್ತು. ಎದ್ದೆ.
ಲಟ್ಟಿಸುತ್ತ ಬಾಯಿಪಾಠ ಮಾಡಿಕೊಂಡೆ
ಮಾವೊರಿಯ ಒಂದೇ ಒಂದು ಪದ.
ವಾಯ್. ಅಂದರೆ ನೀರು.
ಯಾರಾದರೂ ಬಂದು, ಬರುತ್ತದೆ ಅಂದರೆ,
ಎಲ್ಲಿಗೆ ಎಂದು ಕೇಳಲಿಕ್ಕೆ.