ಇನ್ನೊಂದು ಸುತ್ತು

ಬೆಳಿಗ್ಗೆ ಆರಕ್ಕೆ ಬಾಗಿಲುಗಳು ತೆರೆಯುತ್ತವೆ,
ಒಂದನ್ನು ಬಿಟ್ಟು.
ಯಾವುದೆಂದು ಯಾರೂ ಕೇಳುವುದಿಲ್ಲ. ನಾನು ನೀರಿಗಿಡುತ್ತೇನೆ.
ಕುದಿಯಬಾರದು, ಕುದಿದರೆ ಎಲೆ ಸುಡುತ್ತದೆ;
ತಳದಲ್ಲಿ ಗುಳ್ಳೆ ಏಳುವಾಗಲೇ ಇಳಿಸಬೇಕೆಂದು
ಪೈಸಾಂದುವಿನ ನನ್ನ ಸೋದರತ್ತೆ ಕೈಮೇಲೆ ಹೊಡೆದು ಕಲಿಸಿದ್ದಳು.
ಆಟ ಆಡಿಸುವವರು ನಮ್ಮ ಫೋನು, ಬೆಲ್ಟು, ಉಂಗುರ ಕಿತ್ತುಕೊಂಡರು,
ಸೋರೆಬುರುಡೆಯನ್ನೂ ಹೀರುವ ಕೊಳವೆಯನ್ನೂ ಬಿಟ್ಟರು.
ಅವರೂ ಈ ನದಿಯ ದಡದವರೇ ಇರಬೇಕು.
ಅವರ ಬಗ್ಗೆ ನಮಗೆ ತಿಳಿದದ್ದು ಅಷ್ಟೇ.

ಹಿಂದೆ ಇದು ಮಾಂಸದ ಕಾರ್ಖಾನೆ.
ಎರ್ಮಿಂದಾಳ ಅಪ್ಪ ಇದೇ ಸೈರನ್ನಿಗೆ
ಬಾಯಲ್ಲಿ ರೊಟ್ಟಿ ಕಚ್ಚಿಕೊಂಡು ಓಡಿಬರುತ್ತಿದ್ದನಂತೆ.
ಗೋಡೆಗಳಲ್ಲಿ ಇನ್ನೂ ಕೊಕ್ಕೆಗಳ ಸಾಲು,
ಒಗೆದ ಬಟ್ಟೆಗೆ ಅವೇ ಗತಿ.
ಮೊನ್ನೆ ಅವಳ ಒಂದು ಕಾಲುಚೀಲ ಕಾಣೆಯಾಗಿ ದೊಡ್ಡ ಜಗಳ.
ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದ ವಾಷಿಂಗ್ಟನ್
ಬೆಂಚಿನ ಮೇಲೆ ಎರಡೂ ಕಾಲು ಚಾಚಿ ತೋರಿಸಿದ: ಬರಿಗಾಲು,
ಹೆಬ್ಬೆರಳ ಉಗುರು ಕಪ್ಪು.
ನಕ್ಕೆವು. ಎಷ್ಟು ನಕ್ಕೆವೆಂದರೆ
ನಾಚಿಕೆಯಾಗಿ ಒಬ್ಬೊಬ್ಬರೇ ನಿಲ್ಲಿಸಿದೆವು.

ರಾತ್ರಿ ಒಂಬತ್ತಕ್ಕೆ ಹೆಣ್ಣುದನಿಯೊಂದು
ರೈಲು ತಡವಾಗಿದೆ ಎನ್ನುವಂತೆ ಶುಭರಾತ್ರಿ ಹೇಳುತ್ತದೆ.
ಇಸ್ಪೀಟು ಕಲಸುತ್ತೇವೆ, ಒಬ್ಬರಿಗೊಂದು ಎಲೆ.
ಬಟ್ಟಲು, ನಾಣ್ಯ, ಕತ್ತಿ, ದೊಣ್ಣೆ.
ಎಲೆಗೊಂದು ಕೋಣೆ, ಕೋಣೆಗೊಬ್ಬರು.
ದನಗಳ ತೊಡೆಗಳನ್ನು ತಣ್ಣಗೆ ಇಡುತ್ತಿದ್ದ ಕೋಣೆಗಳು;
ಒಂದರಲ್ಲಿ ಮಾತ್ರ ಯಂತ್ರ ಎಚ್ಚರವಾಗುತ್ತದೆ,
ದಿನಕ್ಕೊಂದರಲ್ಲಿ.
ಸೈರನ್ ನಿಲ್ಲುವವರೆಗೆ ಎಲೆ ಬದಲಿಸಿಕೊಳ್ಳಬಹುದು.
ಯಾವುದು ಯಾವುದೆಂದು ತಿಳಿಯದೆಯೂ ಬದಲಿಸುತ್ತೇವೆ.
ಮೂರನೆಯ ರಾತ್ರಿ ನಿಲ್ಡಾ ಬಂದಳು,
ಕತ್ತಿ ಕಂಡರಾಗದು ಅಂದಳು.
ನನ್ನ ನಾಣ್ಯದ ಐದನ್ನು ಕೊಟ್ಟೆ.
ಅವಳು ಹೆಣೆಯುತ್ತಿದ್ದ ಸ್ವೆಟರಿಗೆ ಒಂದೇ ತೋಳು.
ಅದನ್ನು ನಾನು ತೊಡುತ್ತೇನೆ. ಚಳಿ ಇದೆ.

ಗೆದ್ದವರಿಗೆ ಹಣವಂತೆ.
ಎಷ್ಟೆಂದು ಮೊದಮೊದಲು ಗುಣಿಸಿ ನೋಡಿದೆವು,
ಈಗ ಸೋಪಿನ ಲೆಕ್ಕ, ಈರುಳ್ಳಿಯ ಲೆಕ್ಕ,
ಯಾರ ಗೊರಕೆ ಯಾವ ಗೋಡೆ ದಾಟಿ ಕೇಳಿತೆಂಬ ಲೆಕ್ಕ.
ಗೊರಕೆ ಕೇಳಿದರೆ ಒಳ್ಳೆಯದು.
ಹತ್ತೊಂಬತ್ತು ಜನ ಬಂದೆವು, ಇವತ್ತಿಗೆ ಒಂಬತ್ತು.
ಎಲೆಯ ಚೀಲವೂ ಅರ್ಧಕ್ಕಿಳಿದಿದೆ.
ಸರಿಹೋಗುತ್ತದೆ ಅಂದುಕೊಂಡೆ,
ಅಂದುಕೊಂಡದ್ದಕ್ಕೆ ನಾಲಿಗೆ ಕಚ್ಚಿಕೊಂಡೆ.

ಈ ಕಹಿ ಕಷಾಯಕ್ಕೆ ನಮ್ಮಲ್ಲಿ ಮಾತೆ ಅನ್ನುತ್ತಾರೆ.
ಒಂದೇ ಬುರುಡೆ, ಒಂದೇ ಕೊಳವೆ, ಎಲ್ಲರ ಎಂಜಲು.
ಮೊದಲ ಕಹಿ ಸುರಿಯುವವಳದು, ಆಮೇಲೆ ಸುತ್ತು.
ಕುಡಿದವರು ಮರಳಿಸುವಾಗ ಏನೂ ಹೇಳಬಾರದು.
ಗ್ರಾಸಿಯಾಸ್ ಅಂದರೆ, ಅಂದರೆ ಉಪಕಾರ ಅಂದರೆ,
ನನಗೆ ಸಾಕು, ಇನ್ನು ನನ್ನನ್ನು ದಾಟಿ ಹೋಗಿ ಎಂದರ್ಥ.
ಹೊರಗೆ ಅದೊಂದು ಮರ್ಯಾದೆಯ ಮಾತು.
ಇಲ್ಲಿ ಹತ್ತು ಬೆಳಗಿನಿಂದ
ಒಬ್ಬರೂ ಒಬ್ಬರಿಗೂ ಉಪಕಾರ ಹೇಳಿಲ್ಲ.

ಇವತ್ತು ಎರ್ಮಿಂದಾ ಖಾಲಿ ಬೆಂಚಿಗೆ
ಕಾಲು ತೆಗಿ ಮಾರಾಯ ಎಂದು ಗದರಿದಳು, ರೂಢಿಯಿಂದ.
ಆಮೇಲೆ ನೆಲ ನೋಡಿದಳು.
ಆಗಲೇ ಯಾಮಂದು, ಮೀಸೆ ಸರಿಯಾಗಿ ಮೂಡದ ಹುಡುಗ,
ಶೂ ಅಂಗಡಿಯಲ್ಲಿ ಅಂಟು ಹಚ್ಚುತ್ತಿದ್ದವನು,
ಬುರುಡೆಯನ್ನು ನನ್ನ ಕೈಗಿಟ್ಟು
ತುಂಬ ಮೆಲ್ಲಗೆ ಅಂದ: ಗ್ರಾಸಿಯಾಸ್.

ಕಿಂಡಿಯಾಚೆ ನದಿ. ಅದರಾಚೆ ಇನ್ನೊಂದು ದೇಶ,
ಅಲ್ಲಿ ಯಾರೋ ದೋಣಿಗೆ ಬಣ್ಣ ಬಳಿಯುತ್ತಿದ್ದರು.
ಎಲ್ಲರೂ ಅದನ್ನೇ ನೋಡಿದೆವು.

ನಾನು ನೀರು ಸುರಿದೆ.
ಎಲೆಯ ಸಾರವೆಲ್ಲ ತೊಳೆದುಹೋಗಿ
ಮೇಲೆ ಕಡ್ಡಿಗಳಷ್ಟೇ ತೇಲುತ್ತಿದ್ದವು.
ಬುರುಡೆಯನ್ನು ಮತ್ತೆ ಅವನಿಗೇ ಚಾಚಿದೆ.
ಸಾಕು ಅಂದೆನಲ್ಲ ಅಂದ.
ಕಿವಿ ಮಂದವಪ್ಪ ನನಗೆ, ಅಂದೆ.
ಅವನು ಕೈ ಚಾಚಲಿಲ್ಲ. ನಾನು ಹಿಂದೆಗೆಯಲಿಲ್ಲ.
ಬುರುಡೆ ನಡುವೆ ಬೆಚ್ಚಗೆ ನಿಂತಿತ್ತು,
ಒಂದು ತೋಳಿನ ಸ್ವೆಟರಿನಲ್ಲಿ ನನ್ನ ಇನ್ನೊಂದು ಕೈ ನಡುಗುತ್ತಿತ್ತು,
ಕೊನೆಗೆ ಎರ್ಮಿಂದಾ ಅಂದಳು:
ಕುಡಿಯೋ, ಆರುತ್ತದೆ.